ಜಾಮೀನು ಸಿಕ್ಕಿದೆ, ಜಾಮೀನುದಾರ ಸಿಕ್ಕಿಲ್ಲ

‘ಆರೋಪಿಗೆ ನ್ಯಾಯಾಲಯವು ಜಾಮೀನು ಮಂಜೂರು ಮಾಡಿದೆ’ ಎಂಬ ವಾಕ್ಯದೊಂದಿಗೆ ಪತ್ರಿಕೆಯ ವರದಿ ಮುಗಿಯುತ್ತದೆ. ಓದುಗರ ಮಟ್ಟಿಗೆ ಆ ಮನುಷ್ಯ ಅಂದೇ ಮನೆ ಸೇರಿದಂತೆ. ಆರೋಪಿಯು ರಾಜಕಾರಣಿಯೋ ಉದ್ಯಮಿಯೋ ಆಗಿದ್ದರೆ ಅದು ಬಹುಮಟ್ಟಿಗೆ ನಿಜವೂ ಹೌದು; ಸೆರೆಮನೆಯ ಬಾಗಿಲಲ್ಲಿ ಹಾರ ಹಿಡಿದ ಬೆಂಬಲಿಗರು ಬೇಗನೆ ನೆರೆಯುತ್ತಾರೆ. ಆದರೆ ಇಂಥದೇ ಆದೇಶವನ್ನು ಪಡೆದ ಕಟ್ಟಡ ಕಾರ್ಮಿಕನೊಬ್ಬ, ತಳ್ಳುಗಾಡಿಯ ವ್ಯಾಪಾರಿಯೊಬ್ಬ ಅಥವಾ ಮನೆಗೆಲಸದ ಹೆಂಗಸೊಬ್ಬಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸೆರೆಮನೆಯಲ್ಲಿಯೇ ಉಳಿಯುವುದುಂಟು. ಅವರನ್ನು ಬಿಡಬಹುದೆಂದು ನ್ಯಾಯಾಧೀಶರೇ ತೀರ್ಮಾನಿಸಿದ್ದಾರೆ. ಆದರೂ ಅವರು ಒಳಗಿದ್ದಾರೆ. ಕಾರಣ, ಆದೇಶದ ಕೊನೆಯಲ್ಲಿ ವರದಿಗಳು ಹೆಚ್ಚಾಗಿ ಗಮನಿಸದ ಇನ್ನೊಂದು ವಾಕ್ಯವಿರುತ್ತದೆ: ಇಷ್ಟು ಮೊತ್ತಕ್ಕೆ ಆರೋಪಿಯು ಸ್ವಂತ ಬಾಂಡ್ ಬರೆದುಕೊಡತಕ್ಕದ್ದು ಮತ್ತು ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರನ್ನು ಒದಗಿಸತಕ್ಕದ್ದು.

ಇದು ಊಹೆಯ ಮಾತಲ್ಲ. 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ನ್ಯಾಯಮೂರ್ತಿಗಳ ಸಮ್ಮುಖದಲ್ಲಿಯೇ ಸೆರೆಮನೆಗಳಲ್ಲಿ ಕೊಳೆಯುತ್ತಿರುವ ಬಡವರ ಬಗ್ಗೆ ಕಳಕಳಿಯಿಂದ ಮಾತನಾಡಿದರು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ರಾಜ್ಯಗಳಿಂದ ಲೆಕ್ಕ ಕೇಳಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಒದಗಿಸಿದ ಮಾಹಿತಿಯಂತೆ, ಜಾಮೀನು ಆದೇಶ ಸಿಕ್ಕ ಮೇಲೂ ಸೆರೆಯಲ್ಲಿಯೇ ಇದ್ದವರ ಸಂಖ್ಯೆ 2022ರ ಅಂತ್ಯಕ್ಕೆ ಸುಮಾರು 5,000. ಇವರಲ್ಲಿ 2,357 ಮಂದಿಗೆ ಕಾನೂನು ನೆರವು ದೊರೆತು 1,417 ಮಂದಿ ಬಿಡುಗಡೆಯಾಗಿದ್ದರು.

ಅದೇ ವರ್ಷದ ಕೊನೆಯ ದಿನ ದೇಶದ ಸೆರೆಮನೆಗಳಲ್ಲಿದ್ದವರು ಒಟ್ಟು 5,73,220 ಮಂದಿ; ಅವರಲ್ಲಿ 4,34,302 ಮಂದಿ ವಿಚಾರಣಾಧೀನರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ನಾಲ್ಕು ಲಕ್ಷದ ಎದುರು ಐದು ಸಾವಿರ ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ಉಳಿದವರನ್ನು ಬಿಡಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ಈ ಐದು ಸಾವಿರ ಮಂದಿಯ ವಿಷಯದಲ್ಲಿ ಆ ಚರ್ಚೆ ಮುಗಿದಿದೆ. ಇವರನ್ನು ಒಳಗಿಡಲು ಕಾರಣವಿಲ್ಲವೆಂದು ಪ್ರಭುತ್ವದ ಒಂದು ಅಂಗವೇ ಬರೆದುಕೊಟ್ಟಿದೆ. ಕಾರಣವಿಲ್ಲದೆಯೂ ಒಬ್ಬ ಮನುಷ್ಯನನ್ನು ಕೂಡಿಹಾಕಲು ಒಂದು ಕಾಗದದ ಕೊರತೆ ಸಾಕಾಗುತ್ತದೆಂದರೆ, ಆ ಕಾಗದ ಯಾವುದು, ಅದನ್ನು ಏಕೆ ಕೇಳಲಾಗುತ್ತದೆ ಎಂದು ವಿಚಾರಿಸುವುದು ಅಗತ್ಯ.

ಬಾಂಡ್ ಎಂದರೇನು?

ಪೊಲೀಸರು ಒಬ್ಬನನ್ನು ಬಂಧಿಸಿದರೆ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಕಟ್ಟಳೆ. ಆರೋಪವು ಜಾಮೀನೀಯ ಅಪರಾಧಕ್ಕೆ ಸಂಬಂಧಿಸಿದ್ದಾದರೆ ಬಿಡುಗಡೆ ಆತನ ಹಕ್ಕು. ಠಾಣೆಯ ಅಧಿಕಾರಿಯೇ ಬಿಡಬೇಕು. ಜಾಮೀನುರಹಿತ ಅಪರಾಧವಾದರೆ ನ್ಯಾಯಾಲಯವು ಆರೋಪದ ಗಾಂಭೀರ್ಯ, ಆತ ತಲೆಮರೆಸಿಕೊಳ್ಳುವ ಅಥವಾ ಸಾಕ್ಷಿಗಳನ್ನು ಬೆದರಿಸುವ ಸಂಭವ ಇವನ್ನೆಲ್ಲ ತೂಗಿನೋಡಿ ತೀರ್ಮಾನಿಸುತ್ತದೆ.

ಬಿಡುವುದೆಂದು ನಿರ್ಧಾರವಾದ ಮೇಲೆ ಬಾಂಡಿನ ಮಾತು ಬರುತ್ತದೆ. ಇದು ನಮ್ಮ ಹಳೆಯ ಕಚೇರಿಗಳಲ್ಲಿ ಮುಚ್ಚಳಿಕೆ ಎನ್ನಿಸಿಕೊಂಡಿದ್ದ ಪತ್ರ. ‘ಕರೆದ ದಿನ ಹಾಜರಾಗುತ್ತೇನೆ, ತಪ್ಪಿದರೆ ಸರ್ಕಾರಕ್ಕೆ ಇಷ್ಟು ಹಣ ಕೊಡಲು ಬದ್ಧನಾಗಿದ್ದೇನೆ’ ಎಂದು ಆರೋಪಿ ಬರೆದುಕೊಡುವುದು ಮೊದಲ ಭಾಗ. ‘ಇವನು ಬರದಿದ್ದರೆ ಆ ಹಣಕ್ಕೆ ನಾನು ಹೊಣೆ’ ಎಂದು ಮತ್ತೊಬ್ಬರು ಬರೆದುಕೊಡುವುದು ಎರಡನೆಯ ಭಾಗ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಎರಡನ್ನೂ ಮೊದಲ ಬಾರಿಗೆ ವ್ಯಾಖ್ಯಾನಿಸಿ ಬೇರ್ಪಡಿಸಿದೆ. ಜಾಮೀನುದಾರರಿಲ್ಲದ ಮುಚ್ಚಳಿಕೆ ‘ಬಾಂಡ್’. ಜಾಮೀನುದಾರರಿರುವ ಮುಚ್ಚಳಿಕೆ ‘ಬೇಲ್ ಬಾಂಡ್’. ಈ ಎರಡರಲ್ಲಿ ಯಾವುದರ ಮೇಲೆ ಬಿಟ್ಟರೂ ಅದು ಜಾಮೀನೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ‘ಒಂದು ಲಕ್ಷ ರೂಪಾಯಿಯ ಬಾಂಡ್ ಮೇಲೆ ಬಿಡುಗಡೆ’ ಎಂದು ಓದಿದಾಗ ಆತ ಒಂದು ಲಕ್ಷ ಕಟ್ಟಿದನೆಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಬಾಂಡ್ ಬರೆಯುವ ದಿನ ಆ ಹಣ ಕೈಬದಲಾಗುವುದಿಲ್ಲ. ಅದು ತಪ್ಪಿದರೆ ಕೊಡುವ ಹಣದ ವಚನ ಮಾತ್ರ. ಆರೋಪಿ ತಪ್ಪದೆ ಬಂದರೆ ಜಾಮೀನುದಾರನಿಗೂ ಖರ್ಚಿಲ್ಲ. ಬಾರದಿದ್ದರೆ ನ್ಯಾಯಾಲಯವು ಬಾಂಡನ್ನು ಮುಟ್ಟುಗೋಲು ಹಾಕಿಕೊಂಡು, ಏಕೆ ಹಣ ವಸೂಲು ಮಾಡಬಾರದೆಂದು ಜಾಮೀನುದಾರನನ್ನು ಕೇಳುತ್ತದೆ. ಸಮರ್ಪಕ ಕಾರಣ ಕೊಡದಿದ್ದರೆ ಆ ಮೊತ್ತವನ್ನು ದಂಡದಂತೆ ವಸೂಲು ಮಾಡುತ್ತದೆ. ವಸೂಲಾಗದಿದ್ದರೆ ಜಾಮೀನುದಾರನನ್ನು ಆರು ತಿಂಗಳವರೆಗೆ ಸಿವಿಲ್ ಸೆರೆಯಲ್ಲಿಡಬಹುದು. ಕಾರಣಗಳನ್ನು ದಾಖಲಿಸಿ ಮೊತ್ತದ ಭಾಗವನ್ನು ಮನ್ನಾ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಮಧ್ಯದಲ್ಲಿ ಹೊಣೆ ಬೇಡವೆನಿಸಿದರೆ ಜಾಮೀನುದಾರನು ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು. ಆಗ ಆರೋಪಿಯನ್ನು ಕರೆಸಿ ಬೇರೆ ಜಾಮೀನುದಾರರನ್ನು ಕೇಳಲಾಗುತ್ತದೆ. ಪರಿಚಿತರೊಬ್ಬರು ‘ಒಂದು ಸಹಿ ಹಾಕಿ’ ಎಂದು ಬಂದಾಗ ಹೆದರಿ ಹಿಂಜರಿಯುವ ಸಜ್ಜನರು ಇಷ್ಟನ್ನು ತಿಳಿದಿದ್ದರೆ ಒಳ್ಳೆಯದು. ಹೊಣೆ ನಿಜವಾದದ್ದೇ, ಆದರೆ ಅದಕ್ಕೆ ಮಿತಿಯಿದೆ.

ಆಸ್ತಿಯ ಪರೀಕ್ಷೆ

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಬಾಂಡ್ ಎನ್ನುವುದು ತಲೆಮರೆಸಿಕೊಳ್ಳುವುದಕ್ಕೆ ಕಟ್ಟಿದ ಬೆಲೆ. ಓಡಿಹೋದರೆ ಇಷ್ಟು ನಷ್ಟ ಎಂದು ಗೊತ್ತಿದ್ದರೆ ಮನುಷ್ಯ ಓಡಿಹೋಗಲಾರ ಎಂಬುದು ಅದರ ಹಿಂದಿನ ತರ್ಕ. ತರ್ಕ ತಪ್ಪಲ್ಲ. ಆದರೆ ರೂಪಾಯಿಯ ಲೆಕ್ಕದಲ್ಲಿ ಸಮನಾದ ಬೆಲೆ ಭಾರದ ಲೆಕ್ಕದಲ್ಲಿ ಸಮನಲ್ಲ. ಬೆಂಗಳೂರಿನಲ್ಲಿ ಎರಡು ಮನೆಗಳುಳ್ಳವನಿಗೆ ಒಂದು ಲಕ್ಷದ ಬಾಂಡ್ ಎಂದರೆ ಒಂದು ಸಹಿ ಮಾತ್ರ. ಅವನ ಬಂಧುಗಳಲ್ಲಿ ಹೊಣೆ ನಿಲ್ಲಬಲ್ಲವರು ಹತ್ತು ಮಂದಿ ಇರುತ್ತಾರೆ. ದಿನಗೂಲಿಯವನಿಗೆ ಅದೇ ಬಾಂಡ್ ದಾಟಲಾಗದ ಗೋಡೆ. ಹಣವುಳ್ಳವನನ್ನು ತಡೆಯಲಾರದಷ್ಟು ಅಗ್ಗವಾದದ್ದು ಬಡವನಿಗೆ ಮುಟ್ಟಲಾರದಷ್ಟು ದುಬಾರಿಯಾಗುತ್ತದೆ.

ಕಂದಾಯ ಆಡಳಿತದಲ್ಲಿ ಕೆಲಸ ಮಾಡಿದವರಿಗೆ ಈ ಗೋಡೆಯ ಇಟ್ಟಿಗೆಗಳು ಚೆನ್ನಾಗಿ ಗೊತ್ತು. ನಮ್ಮ ನ್ಯಾಯಾಲಯಗಳಲ್ಲಿ ಜಾಮೀನುದಾರನೆಂದು ಮುಂದೆ ಬಂದವನಿಂದ ಸಾಮಾನ್ಯವಾಗಿ ಅಪೇಕ್ಷಿಸುವುದು ಅವನ ಹೆಸರಿನಲ್ಲಿರುವ ಪಹಣಿ, ಕಂದಾಯ ಅಥವಾ ಮನೆ ತೆರಿಗೆಯ ರಸೀದಿ, ಇಲ್ಲವೇ ವಾಹನದ ಆರ್‌ಸಿ, ಸಂಬಳದ ಪ್ರಮಾಣಪತ್ರ. ಕೆಲವೆಡೆ ತಹಶೀಲ್ದಾರರ ಸಾಲ್ವೆನ್ಸಿ ಪ್ರಮಾಣಪತ್ರ. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಒಬ್ಬನನ್ನು ಕಲ್ಪಿಸಿಕೊಳ್ಳಿ. ಇಲ್ಲಿ ಅವನನ್ನು ಬಲ್ಲವರು ಅವನಂತೆಯೇ ತಗಡಿನ ಶೆಡ್ಡುಗಳಲ್ಲಿ ವಾಸಿಸುವವರು; ಅವರಿಗೆ ಆಸ್ತಿಯಿಲ್ಲ. ಊರಿನಲ್ಲಿ ಅಣ್ಣನಿಗೆ ಎರಡೆಕರೆ ಇರಬಹುದು. ಆದರೆ ಆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ, ವಿಭಾಗವಾಗಿಲ್ಲ. ಉಳುವವನು ಅಣ್ಣನೇ ಆದರೂ ಕಾಗದದಲ್ಲಿ ಅವನು ಭೂಮಿಯಿಲ್ಲದವನು. ಇದು ಅಪರೂಪದ ಉದಾಹರಣೆಯಲ್ಲ. ಸತ್ತವರ ಹೆಸರಿನಲ್ಲಿ ಉಳಿದಿರುವ ಖಾತೆಗಳು ನಮ್ಮ ಕಂದಾಯ ಇಲಾಖೆಯ ಹಳೆಯ ತಲೆನೋವು. ಒಂದು ವೇಳೆ ಪಹಣಿ ಸರಿಯಾಗಿದ್ದರೂ ಅಣ್ಣ ಕೆಲಸ ಬಿಟ್ಟು, ರಾತ್ರಿ ಬಸ್ಸು ಹಿಡಿದು, ಗೊತ್ತಿಲ್ಲದ ನಗರದ ನ್ಯಾಯಾಲಯದ ಮೆಟ್ಟಿಲಲ್ಲಿ ದಿನವಿಡೀ ಕಾಯಬೇಕು. ಅಂದು ಕಲಾಪ ಮುಂದಕ್ಕೆ ಹೋದರೆ ಮತ್ತೊಂದು ಪ್ರಯಾಣ, ಮತ್ತೊಂದು ಕೂಲಿಯ ನಷ್ಟ.

ಸುಪ್ರೀಂ ಕೋರ್ಟಿನ ಆದೇಶಗಳನ್ನು ಕ್ಷಣಮಾತ್ರದಲ್ಲಿ ಸೆರೆಮನೆಗೆ ಮುಟ್ಟಿಸಲು 2022ರಲ್ಲಿ ‘ಫಾಸ್ಟರ್’ ಎಂಬ ವಿದ್ಯುನ್ಮಾನ ವ್ಯವಸ್ಥೆ ಬಂತು. ಅದು ಸ್ವಾಗತಾರ್ಹವೇ. ಆದರೆ ಆದೇಶ ಎಷ್ಟೇ ವೇಗವಾಗಿ ಬಂದರೂ ಬಿಡುಗಡೆಯು ಜಾಮೀನುದಾರ ಬರುವ ವೇಗದಲ್ಲಿಯೇ ಆಗುತ್ತದೆ.

ಮಾರಾಟಕ್ಕಿರುವ ಹೊಣೆ

ಜಾಮೀನುದಾರ ಎಂಬ ಕಲ್ಪನೆಯ ಮೂಲ ಅರ್ಥವನ್ನು ಇಲ್ಲಿ ನೆನೆಯಬೇಕು. ಆರೋಪಿಯನ್ನು ಬಲ್ಲ, ಅವನ ಮೇಲೆ ನೈತಿಕ ಹಿಡಿತವುಳ್ಳ, ‘ನನ್ನ ಮಾನ ಕಳೆಯಬೇಡ, ಬಾ’ ಎಂದು ಕರೆತರಬಲ್ಲ ಒಬ್ಬ ನೆರೆಯವನು ಅಥವಾ ಬಂಧು ಎಂಬುದೇ ಆ ಅರ್ಥ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯ ಸಮಾಜಕ್ಕೆ ಅದು ಹೊಂದುವ ವ್ಯವಸ್ಥೆ. ಹೊಣೆಗಾರನ ಪರಿಚಯ ಮುಖ್ಯವಾಗಿತ್ತು. ಅವನ ಆಸ್ತಿ ಆ ಪರಿಚಯಕ್ಕೆ ಬೆಂಬಲವಾಗಿತ್ತು. ಕಾಲಕ್ರಮೇಣ ಪರಿಚಯವನ್ನು ಅಳೆಯುವುದು ಕಷ್ಟ, ಪಹಣಿಯನ್ನು ಪರಿಶೀಲಿಸುವುದು ಸುಲಭ ಎಂಬ ಕಾರಣಕ್ಕೆ ಆಸ್ತಿಯೇ ಮುಖ್ಯವಾಗಿ ಪರಿಚಯ ಮರೆಯಾಯಿತು.

ಇದರ ಫಲ ಏನಾಯಿತೆಂಬುದನ್ನು ನಗರದ ಯಾವುದೇ ನ್ಯಾಯಾಲಯದ ಆವರಣದಲ್ಲಿ ಓಡಾಡುವವರು ಬಲ್ಲರು. ಬೇಡಿಕೆಯಿದ್ದು ನ್ಯಾಯಯುತ ಪೂರೈಕೆ ಇಲ್ಲದಿದ್ದರೆ ಕಾಳಸಂತೆ ಹುಟ್ಟುತ್ತದೆ. ಹಣ ಪಡೆದು ಗುರುತಿಲ್ಲದವರಿಗೆ ಹೊಣೆ ನಿಲ್ಲುವವರು, ಅವರನ್ನು ಒದಗಿಸುವ ದಲ್ಲಾಳಿಗಳು, ಅವರಿಗೆ ಬೇಕಾದ ಪಹಣಿ ಮತ್ತು ಗುರುತಿನ ಚೀಟಿಗಳನ್ನು ಸೃಷ್ಟಿಸುವವರು ಹೀಗೆ ಒಂದು ಸರಪಳಿಯೇ ಬೆಳೆಯುತ್ತದೆ. ನಕಲಿ ದಾಖಲೆ ನೀಡಿ ಜಾಮೀನು ಕೊಡಿಸುತ್ತಿದ್ದವರನ್ನು ಬೆಂಗಳೂರಿನ ಪೊಲೀಸರು ಬಂಧಿಸಿದ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ಹೊಣೆಯನ್ನು ಹೀಗೆ ಮಾರುವುದು ನಮ್ಮ ಕಾನೂನಿಗೆ ಸಮ್ಮತವಲ್ಲ. ಜಾಮೀನುದಾರನ ನಷ್ಟವನ್ನು ತುಂಬಿಕೊಡುತ್ತೇನೆಂಬ ಖಾಸಗಿ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧವಾದುದರಿಂದ ಅಸಿಂಧು ಎಂದು ನಮ್ಮ ನ್ಯಾಯಾಲಯಗಳು ಬಹು ಹಿಂದೆಯೇ ಹೇಳಿವೆ. ಒಬ್ಬ ಜಾಮೀನುದಾರ ಎಷ್ಟು ಮಂದಿಗೆ ಹೊಣೆ ನಿಂತಿದ್ದಾನೆಂದು ಘೋಷಿಸಬೇಕೆಂಬ ನಿಯಮವನ್ನು 2005ರ ತಿದ್ದುಪಡಿ ತಂದಿತು. ಹೊಸ ಸಂಹಿತೆಯಲ್ಲಿಯೂ ಅದಿದೆ. ಆದರೆ ಸುಳ್ಳು ಪಹಣಿ ಕೊಡುವವನು ಸುಳ್ಳು ಘೋಷಣೆ ಕೊಡಲು ಹಿಂಜರಿಯುವನೇ?

ವಿಪರ್ಯಾಸ ಇರುವುದು ಇಲ್ಲಿ. ಆರೋಪಿಯನ್ನು ಬಲ್ಲ ಅಣ್ಣನನ್ನು ಪಹಣಿಯಿಲ್ಲವೆಂದು ತಿರಸ್ಕರಿಸುವ ವ್ಯವಸ್ಥೆ, ಆರೋಪಿಯ ಮುಖವನ್ನೇ ನೋಡದ, ಆದರೆ ಪಹಣಿ ತೋರಿಸಬಲ್ಲ ಅಪರಿಚಿತನನ್ನು ಒಪ್ಪುತ್ತದೆ. ಆರೋಪಿಯನ್ನು ಕರೆತರಬಲ್ಲವನು ಹೊರಗುಳಿಯುತ್ತಾನೆ, ಕರೆತರಲಾರದವನು ಒಳಗೆ ಬರುತ್ತಾನೆ. ಪದ್ಧತಿಯ ಉದ್ದೇಶವೇ ಇಲ್ಲಿ ತಲೆಕೆಳಗಾಗಿದೆ.

ಅಮೆರಿಕದಲ್ಲಿ ಈ ವ್ಯಾಪಾರ ಬಹಿರಂಗವಾಗಿಯೇ ನಡೆಯುತ್ತದೆ. ಸಾಮಾನ್ಯವಾಗಿ ಬಾಂಡ್ ಮೊತ್ತದ ಶೇ 10ರಷ್ಟನ್ನು ಶುಲ್ಕವಾಗಿ ಪಡೆದು ಹೊಣೆ ನಿಲ್ಲುವ ಪರವಾನಗಿ ಪಡೆದ ಸಂಸ್ಥೆಗಳು ಅಲ್ಲಿವೆ. ಆರೋಪಿ ನಿರಪರಾಧಿಯೆಂದು ಸಾಬೀತಾದರೂ ಆ ಶುಲ್ಕ ಹಿಂದಿರುಗದು. ಫಿಲಿಪ್ಪೀನ್ಸನ್ನು ಬಿಟ್ಟರೆ ಬೇರೆ ದೇಶಗಳು ಈ ಮಾದರಿಯನ್ನು ಬಹುತೇಕ ಒಪ್ಪಿಲ್ಲ. ಅಮೆರಿಕದಲ್ಲಿಯೇ ಕೆಂಟಕಿ ರಾಜ್ಯ 1976ರಲ್ಲಿ ಈ ವ್ಯಾಪಾರವನ್ನು ನಿಷೇಧಿಸಿತು. ಇಲಿನಾಯ್ ರಾಜ್ಯವು 2023ರ ಸೆಪ್ಟೆಂಬರ್‌ನಲ್ಲಿ ಹಣದ ಜಾಮೀನನ್ನೇ ಸಂಪೂರ್ಣ ಕೈಬಿಟ್ಟು, ಬಿಡಬೇಕೋ ಬೇಡವೋ ಎಂಬುದನ್ನು ಅಪಾಯದ ಆಧಾರದ ಮೇಲೆ ಮಾತ್ರ ನಿರ್ಧರಿಸುವ ಪದ್ಧತಿಗೆ ಬಂದಿತು. ನಮಗೆ ಈ ಪದ್ಧತಿಯನ್ನು ಕಲಿಸಿದ ಇಂಗ್ಲೆಂಡ್ 1976ರ ಬೇಲ್ ಕಾಯ್ದೆಯ ಮೂಲಕ ಆರೋಪಿಯಿಂದ ಹಣದ ಮುಚ್ಚಳಿಕೆ ಬರೆಸಿಕೊಳ್ಳುವುದನ್ನು ಬಿಟ್ಟಿತು. ಹಾಜರಾಗದಿರುವುದನ್ನು ಪ್ರತ್ಯೇಕ ಅಪರಾಧವೆಂದು ಪರಿಗಣಿಸಿ, ಜಾಮೀನುದಾರರನ್ನು ಅಗತ್ಯವಿದ್ದಲ್ಲಿ ಮಾತ್ರ ಕೇಳುವಂತೆ ಮಾಡಿತು.

ಕಾನೂನು ಹೇಳಿದ್ದು, ರೂಢಿ ಮಾಡಿದ್ದು

ನಮ್ಮ ಕಾನೂನು ಇಷ್ಟು ಕಠೋರವೇ ಎಂದು ಕೇಳಿದರೆ, ಇಲ್ಲ ಎನ್ನಬೇಕಾಗುತ್ತದೆ. ಬಾಂಡ್ ಮೊತ್ತವು ಪ್ರಕರಣದ ಸಂದರ್ಭಕ್ಕೆ ತಕ್ಕಂತಿರಬೇಕು, ವಿಪರೀತವಾಗಿರಬಾರದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 440ನೇ ಕಲಂ ಹೇಳುತ್ತಿತ್ತು. ಹೊಸ ಸಂಹಿತೆಯ 484ನೇ ಕಲಂ ಅದನ್ನೇ ಹೇಳುತ್ತದೆ. ಜಾಮೀನುದಾರರು ತಕ್ಕವರೇ ಎಂಬುದನ್ನು ಪ್ರಮಾಣಪತ್ರದ ಆಧಾರದಿಂದ ಒಪ್ಪಬಹುದು ಅಥವಾ ವಿಚಾರಣೆ ನಡೆಸಬಹುದು ಎನ್ನುತ್ತದೆ 485ನೇ ಕಲಂ. ಆ ಕಲಮಿನಲ್ಲಿ ಪಹಣಿಯ ಮಾತೇ ಇಲ್ಲ, ಜಾಮೀನುದಾರ ಅದೇ ಊರಿನವನಾಗಿರಬೇಕೆಂಬ ಮಾತೂ ಇಲ್ಲ. ಜಾಮೀನೀಯ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕೆಂಬ ನಿಯಮವೂ 2005ರ ತಿದ್ದುಪಡಿಯಿಂದ ಬಂದಿದೆ. ಒಳ್ಳೆಯ ನಿಯಮ, ಆದರೆ ಜಾಮೀನುರಹಿತ ಅಪರಾಧಗಳಿಗೆ ಅದು ಅನ್ವಯಿಸದು. ಅಲ್ಲಿ ಬಡವನು ನ್ಯಾಯಾಧೀಶರ ವಿವೇಚನೆಯನ್ನೇ ನೆಚ್ಚಬೇಕು.

ಸುಪ್ರೀಂ ಕೋರ್ಟ್ ಈ ಬಗ್ಗೆ ಮೌನವಾಗಿಲ್ಲ. 1978ರ ಮೋತಿ ರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅವನನ್ನು 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡುವಂತೆ ಆದೇಶಿಸಿತು. ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರ್‌ನಲ್ಲಿ ಅಥವಾ ಚಾಂದನಿ ಚೌಕದಲ್ಲಿ ಬಂಧಿತನಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂದು ಆ ತೀರ್ಪು ಪ್ರಶ್ನಿಸಿತ್ತು. ಇಂದು ಆ ಪ್ರಶ್ನೆ ನಮ್ಮತ್ತ ತಿರುಗಿದೆ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದು ಬೆಂಗಳೂರನ್ನು ಕಟ್ಟುತ್ತಿರುವವನು ಇಲ್ಲಿ ಬಂಧಿತನಾದರೆ ಅವನ ಜಾಮೀನುದಾರ ಎಲ್ಲಿಂದ ಬರಬೇಕು?

ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಸೆರೆಮನೆಗಳ ಸ್ಥಿತಿ ದೇಶದ ಮುಂದೆ ಬಂತು. ಆರೋಪಿಯು ಊರಿನಲ್ಲಿ ಎಷ್ಟು ಕಾಲದಿಂದ ನೆಲೆಸಿದ್ದಾನೆ, ಏನು ಉದ್ಯೋಗ, ಕುಟುಂಬವಿದೆಯೇ ಎಂಬ ಬೇರುಗಳನ್ನು ನೋಡಿ, ಅವು ಗಟ್ಟಿಯಾಗಿದ್ದರೆ ಹಣದ ಹೊಣೆಯಿಲ್ಲದೆಯೇ ಬಿಡಬೇಕೆಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಹೇಳಿದರು. ಇದಾಗಿ ನಾಲ್ಕು ದಶಕಗಳ ನಂತರ, 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ನಿರ್ದೇಶನಗಳನ್ನು ಹೊರಡಿಸಬೇಕಾಯಿತು. ಆದೇಶದ ಪ್ರತಿಯನ್ನು ಅಂದೇ ಅಥವಾ ಮರುದಿನ ಸೆರೆಮನೆಗೆ ಕಳುಹಿಸಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಒದಗದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಜಾಮೀನುದಾರರನ್ನು ಹೊಂದಿಸಿಕೊಳ್ಳಲು ಆರೋಪಿಯನ್ನು ತಾತ್ಕಾಲಿಕವಾಗಿ ಬಿಡಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಒತ್ತಾಯ ವಿಳಂಬಕ್ಕೆ ಕಾರಣವಾಗಿರುವಲ್ಲಿ ಅಂಥ ಷರತ್ತು ಹಾಕದಿರುವುದು ಸೂಕ್ತ. 2024ರ ಆಗಸ್ಟ್‌ನಲ್ಲಿ, ಆರು ರಾಜ್ಯಗಳಲ್ಲಿ 13 ಮೊಕದ್ದಮೆಗಳನ್ನು ಎದುರಿಸುತ್ತಿದ್ದ ಒಬ್ಬನು ಪ್ರತಿ ಪ್ರಕರಣಕ್ಕೂ ಬೇರೆ ಬೇರೆ ಜಾಮೀನುದಾರರನ್ನು ಹುಡುಕಲಾಗದೆ ಬಂದಾಗ, ಅದೇ ಜಾಮೀನುದಾರರನ್ನು ಹಲವು ಪ್ರಕರಣಗಳಿಗೆ ಒಪ್ಪಬಹುದೆಂದು ನ್ಯಾಯಾಲಯ ಹೇಳಿತು. ವಿಪರೀತ ಷರತ್ತಿನ ಜಾಮೀನು ಜಾಮೀನೇ ಅಲ್ಲ ಎಂಬ ತತ್ವವನ್ನು ಅದು ಪುನರುಚ್ಚರಿಸಿತು.

ಒಂದೇ ಮಾತನ್ನು 1978ರಿಂದ 2024ರವರೆಗೆ ಹೇಳಬೇಕಾಗಿದೆಯೆಂದರೆ ದೋಷ ಕಾನೂನಿಗಿಂತ ಹೆಚ್ಚಾಗಿ ರೂಢಿಯಲ್ಲಿದೆ. ವರ್ಷಗಳಿಂದ ಬಳಸುತ್ತ ಬಂದ ಆದೇಶದ ನಮೂನೆಯಲ್ಲಿ ‘ಇಬ್ಬರು ಜಾಮೀನುದಾರರು’ ಎಂಬ ಪದಗಳು ಮೊದಲೇ ಅಚ್ಚಾಗಿರುವಂತೆ ಬಂದುಬಿಡುತ್ತವೆ. ಅದಕ್ಕೆ ಒಂದು ಆರ್ಥಿಕ ಕಾರಣವೂ ಇದೆ. ಮೊತ್ತ ನಿಗದಿ ಮಾಡುವವರು ಒಬ್ಬರು, ಅದರ ಬೆಲೆ ತೆರುವವರು ಬೇರೊಬ್ಬರು. ಬಿಟ್ಟ ಆರೋಪಿ ಓಡಿಹೋದರೆ ಮ್ಯಾಜಿಸ್ಟ್ರೇಟರ ಮೇಲೆ ಟೀಕೆ ಬರುತ್ತದೆ. ಬಿಡಬೇಕಾದವನು ಒಳಗೇ ಉಳಿದರೆ ಯಾರೂ ಅವರನ್ನು ಕೇಳುವುದಿಲ್ಲ. ಅನ್ನ ಹಾಕುವ ಖರ್ಚು ಕಾರಾಗೃಹ ಇಲಾಖೆಯದು, ಕೂಲಿ ಕಳೆದುಕೊಳ್ಳುವ ನಷ್ಟ ಕುಟುಂಬದ್ದು. ಇಂಥ ಸ್ಥಿತಿಯಲ್ಲಿ ಎಚ್ಚರಿಕೆಯ ಹೆಸರಿನಲ್ಲಿ ಅತಿ ಎಚ್ಚರಿಕೆಯೇ ವಾಡಿಕೆಯಾಗುವುದು ಸಹಜ.

ತಲೆಮರೆಸಿಕೊಳ್ಳುವವರ ಪ್ರಶ್ನೆ

ಇನ್ನೊಂದು ಬದಿಯನ್ನೂ ನೋಡಬೇಕು. ಜಾಮೀನು ಪಡೆದು ಕಣ್ಮರೆಯಾಗುವವರು ಇದ್ದಾರೆ. ಆರೋಪಿಯಿಲ್ಲದೆ ವಿಚಾರಣೆ ನಿಂತುಹೋದ ಕಡತಗಳು ಪ್ರತಿ ನ್ಯಾಯಾಲಯದಲ್ಲೂ ದೂಳು ತಿನ್ನುತ್ತಿವೆ. ಹಲ್ಲೆಗೊಳಗಾದವರು, ಹಣ ಕಳೆದುಕೊಂಡವರು ವರ್ಷಗಟ್ಟಲೆ ಕಾಯುತ್ತಾರೆ. ವಿಳಾಸವಿಲ್ಲದ ವಲಸಿಗನನ್ನು ಸಹಿಯೊಂದರ ಮೇಲೆ ಬಿಟ್ಟರೆ ಮತ್ತೆ ಎಲ್ಲಿ ಹುಡುಕುವುದು ಎಂಬ ಪೊಲೀಸರ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಆದರೆ ಈ ಪ್ರಶ್ನೆಗೆ ಇಂದಿನ ಪದ್ಧತಿ ಉತ್ತರ ಕೊಡುತ್ತಿದೆಯೇ? ಬಾಡಿಗೆಯ ಜಾಮೀನುದಾರನೊಂದಿಗೆ ಹೊರಬಂದವನು ಓಡಿಹೋದರೆ ಆ ಜಾಮೀನುದಾರನೂ ಸಿಗುವುದಿಲ್ಲ, ಅವನ ಪಹಣಿಯ ಭೂಮಿಯೂ ಸಿಗುವುದಿಲ್ಲ. ಓಡಿಹೋಗುವ ಉದ್ದೇಶವೂ ಹಣವೂ ಇರುವವನು ಈ ಜರಡಿಯಿಂದ ಸುಲಭವಾಗಿ ಜಾರುತ್ತಾನೆ. ಓಡಿಹೋಗಲು ಬಸ್ ಚಾರ್ಜೂ ಇಲ್ಲದವನು ಸಿಕ್ಕಿಬೀಳುತ್ತಾನೆ. ಕಾನೂನಿನ ಬತ್ತಳಿಕೆಯಲ್ಲಿ ಬೇರೆ ಬಾಣಗಳಿವೆ. ಜಾಮೀನಿನ ಮೇಲೆ ಬಿಡುಗಡೆಯಾಗಿ ಹಾಜರಾಗದಿರುವುದು ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆಗೆ ಅರ್ಹವಾದ ಅಪರಾಧ. ಠಾಣೆಯಲ್ಲಿ ನಿಯತವಾಗಿ ಸಹಿ ಹಾಕಿಸುವುದು, ವಿಳಾಸ ಬದಲಾದರೆ ತಿಳಿಸುವಂತೆ ಮಾಡುವುದು, ಷರತ್ತು ಮುರಿದರೆ ಜಾಮೀನು ರದ್ದುಪಡಿಸುವುದು ಇವೆಲ್ಲ ಸಾಧ್ಯ. ಗಂಭೀರ ಆರೋಪವಿದ್ದು ಅಪಾಯ ನಿಜವಾಗಿದ್ದರೆ ಜಾಮೀನನ್ನೇ ನಿರಾಕರಿಸಬಹುದು. ‘ಇಲ್ಲ’ ಎನ್ನಬೇಕಾದಲ್ಲಿ ಕಾರಣ ಸಹಿತ ‘ಇಲ್ಲ’ ಎನ್ನುವುದು ನ್ಯಾಯ. ‘ಹೌದು’ ಎಂದು ಹೇಳಿ ಪೂರೈಸಲಾಗದ ಷರತ್ತು ಹಾಕುವುದು ಕಾರಣ ಹೇಳದೆ ‘ಇಲ್ಲ’ ಎಂದಂತೆ.

ನೆರವಿನ ಹಣ ಮತ್ತು ಅದರ ಮಿತಿ

ಕೇಂದ್ರ ಸರ್ಕಾರವು 2023ರಲ್ಲಿ ಬಡ ಕೈದಿಗಳಿಗೆ ನೆರವಿನ ಯೋಜನೆಯೊಂದನ್ನು ತಂದಿತು. ಆ ವರ್ಷದ ಮಾರ್ಗಸೂಚಿಯಂತೆ, ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನ ಕೈದಿಗೆ ಜಿಲ್ಲಾ ಮಟ್ಟದ ಸಮಿತಿಯ ಶಿಫಾರಸಿನ ಮೇಲೆ 40,000 ರೂಪಾಯಿಯವರೆಗೆ, ದಂಡ ಕಟ್ಟಲಾಗದ ಶಿಕ್ಷಿತ ಕೈದಿಗೆ 25,000 ರೂಪಾಯಿಯವರೆಗೆ ನೆರವು ದೊರೆಯಬಹುದು. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಮಾದಕವಸ್ತು ಮತ್ತು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗಳ ಆರೋಪಿಗಳಿಗೆ ಇದು ಅನ್ವಯಿಸದು. ಸರ್ಕಾರ ಈ ಸಮಸ್ಯೆಯನ್ನು ಗುರುತಿಸಿದ್ದೇ ದೊಡ್ಡದು. ಆದರೆ ಇಲ್ಲಿ ಸರ್ಕಾರದ ಒಂದು ಜೇಬಿನಿಂದ ಹೊರಟ ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕೂರುತ್ತದೆ. ಆರೋಪಿಗೆ ಅದು ತನ್ನದಲ್ಲದ ಹಣವಾದುದರಿಂದ ಹಾಜರಾಗಲು ಅದೊಂದು ಪ್ರೇರಣೆಯೂ ಅಲ್ಲ. ಮಿಗಿಲಾಗಿ, ಆದೇಶವು ಕೇಳುವುದು ನಗದನ್ನಲ್ಲ, ಆಸ್ತಿಯುಳ್ಳ ಇಬ್ಬರು ಮನುಷ್ಯರನ್ನು. ಹಣ ಕೊಡಬಹುದು, ಮನುಷ್ಯರನ್ನು ಯಾವ ಸಮಿತಿ ಮಂಜೂರು ಮಾಡೀತು? ಸಮಿತಿ ಸೇರಿ, ವರದಿ ತರಿಸಿ, ಹಣ ಬಿಡುಗಡೆ ಮಾಡುವ ಶ್ರಮಕ್ಕಿಂತ ಮೊದಲ ದಿನವೇ ಪೂರೈಸಬಹುದಾದ ಷರತ್ತು ಹಾಕುವುದು ಅಗ್ಗದ ದಾರಿ.

ಹೊಸ ಸಂಹಿತೆಯ 479ನೇ ಕಲಂ ಈ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಹಿಂದೆಂದೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಅವನನ್ನು ‘ಬಾಂಡ್’ ಮೇಲೆ ಬಿಡಬೇಕು. ಅದಕ್ಕೆ ಅರ್ಜಿ ಹಾಕುವ ಹೊಣೆ ಸೆರೆಮನೆಯ ಅಧೀಕ್ಷಕರದು. 2024ರ ಜುಲೈಗೆ ಮುಂಚಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮೇಲೆ ಹೇಳಿದ ವ್ಯಾಖ್ಯೆಯಂತೆ ಬಾಂಡ್ ಎಂದರೆ ಜಾಮೀನುದಾರರಿಲ್ಲದ ಮುಚ್ಚಳಿಕೆ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರನ್ನು ಈ ಕಲಂ ಹೊರಗಿಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ಮೂರನೇ ಒಂದು ಭಾಗ ಕಳೆದ ಮೇಲೆ ಸ್ವಂತ ಸಹಿ ಸಾಕಾಗುವುದಾದರೆ, ಜಾಮೀನಿಗೆ ಅರ್ಹನೆಂದು ಮೊದಲ ತಿಂಗಳಲ್ಲೇ ತೀರ್ಮಾನವಾದವನಿಗೆ ಅದು ಏಕೆ ಸಾಲದು?

ಏನು ಮಾಡಬೇಕು

ಪರಿಹಾರಕ್ಕೆ ದೊಡ್ಡ ಕಾಯ್ದೆಯನ್ನು ಕಾಯಬೇಕಿಲ್ಲ. ಮೊದಲನೆಯದಾಗಿ, ಸ್ವಂತ ಬಾಂಡ್ ನಿಯಮವಾಗಬೇಕು, ಜಾಮೀನುದಾರ ಅಪವಾದವಾಗಬೇಕು. ಜಾಮೀನುದಾರ ಬೇಕೆನಿಸಿದಾಗ ಏಕೆ ಬೇಕೆಂದು ಆದೇಶದಲ್ಲಿ ಒಂದು ಸಾಲು ಬರೆಯಬೇಕು. ಎರಡನೆಯದಾಗಿ, ಮೊತ್ತ ನಿಗದಿಗೆ ಮುನ್ನ ಆರೋಪಿಯ ದುಡಿಮೆ ಎಷ್ಟೆಂದು ಕೇಳಬೇಕು. ದಿನಗೂಲಿಯವನಿಗೆ ಐದು ಸಾವಿರ ರೂಪಾಯಿ ಉಂಟುಮಾಡುವ ಭಯವನ್ನು ಧನಿಕನಲ್ಲಿ ಐದು ಲಕ್ಷವೂ ಉಂಟುಮಾಡಲಾರದು. ಮೂರನೆಯದಾಗಿ, ಜಾಮೀನುದಾರನಲ್ಲಿ ಆಸ್ತಿಗಿಂತ ಪರಿಚಯವನ್ನು ನೋಡಬೇಕು. ಆರೋಪಿಯ ಅಣ್ಣ, ಮೇಸ್ತ್ರಿ, ಮನೆ ಮಾಲೀಕ, ಸಹೋದ್ಯೋಗಿ ಯಾರೇ ಆಗಲಿ, ಅವರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಸಾಕಾಗಬೇಕು. ಆಸ್ತಿ ಬೇರೆ ಜಿಲ್ಲೆಯಲ್ಲಿದ್ದರೆ ಅದರ ಪರಿಶೀಲನೆ ಇಂದು ಕಷ್ಟವಲ್ಲ. ರಾಜ್ಯದ ಪಹಣಿಗಳು ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೆ ಬಂದಿವೆ. ನಾಲ್ಕನೆಯದಾಗಿ, ಕೈಲಾಗುವಷ್ಟು ಹಣವನ್ನು ಠೇವಣಿಯಾಗಿ ಇಡುವ ಆಯ್ಕೆ ಆರೋಪಿಗಿರಬೇಕು. ಸಂಹಿತೆಯ 490ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅದು ಆಯ್ಕೆಯಾಗಿಯೇ ಉಳಿಯಬೇಕು, ಒತ್ತಾಯವಾಗಬಾರದು. ಐದನೆಯದಾಗಿ, ವಿಚಾರಣೆಯ ದಿನವನ್ನು ಆರೋಪಿಯ ಮೊಬೈಲಿಗೆ ನೆನಪಿಸುವ ಸರಳ ವ್ಯವಸ್ಥೆ ಎಲ್ಲ ಕ್ರಿಮಿನಲ್ ಪ್ರಕರಣಗಳಿಗೂ ಬರಬೇಕು. ಹಾಜರಾಗದವರೆಲ್ಲ ಓಡಿಹೋದವರಲ್ಲ, ದಿನಾಂಕ ಮರೆತವರು, ತಿಳಿಯದವರು ಅವರಲ್ಲಿದ್ದಾರೆ.

ಕೊನೆಯದಾಗಿ, ಒಂದು ಲೆಕ್ಕವನ್ನು ಬಹಿರಂಗಪಡಿಸಬೇಕು. ಜಾಮೀನು ಆದೇಶವಾದ ದಿನಕ್ಕೂ ಬಿಡುಗಡೆಯಾದ ದಿನಕ್ಕೂ ನಡುವೆ ಎಷ್ಟು ದಿನ ಕಳೆಯಿತೆಂಬುದು ಸೆರೆಮನೆಗಳ ಗಣಕ ವ್ಯವಸ್ಥೆಯಿಂದ ತೆಗೆಯಬಹುದಾದ ಮಾಹಿತಿ. ಪ್ರತಿ ಜಿಲ್ಲೆಯ ಈ ಸರಾಸರಿಯನ್ನು ಮೂರು ತಿಂಗಳಿಗೊಮ್ಮೆ ಹೈಕೋರ್ಟ್ ಪ್ರಕಟಿಸಿದರೆ ಬಾಕಿ ಕೆಲಸ ತಾನಾಗಿ ಆಗುತ್ತದೆ. ಆಡಳಿತದಲ್ಲಿ ಅಳೆಯುವುದನ್ನು ಮಾತ್ರ ಸರಿಪಡಿಸಲಾಗುತ್ತದೆಂಬುದು ಇಲಾಖೆಗಳಲ್ಲಿ ದುಡಿದವರ ಅನುಭವ. ಬಾಕಿ ಪ್ರಕರಣಗಳ ಸಂಖ್ಯೆಯನ್ನು ನಾವು ಎಣಿಸುತ್ತೇವೆ, ವಿಲೇವಾರಿಯನ್ನು ಎಣಿಸುತ್ತೇವೆ; ಬಿಡುಗಡೆಯ ಆದೇಶ ಕೈಯಲ್ಲಿದ್ದೂ ಕಂಬಿಯ ಹಿಂದೆ ಕಳೆದ ದಿನಗಳನ್ನು ಎಣಿಸಿಲ್ಲ.

ಆರೋಪ ಸಾಬೀತಾಗುವವರೆಗೆ ಮನುಷ್ಯ ನಿರಪರಾಧಿ ಎಂಬುದು ನಮ್ಮ ನ್ಯಾಯಪದ್ಧತಿಯ ಬುನಾದಿ. ಆ ಬುನಾದಿಯ ಮೇಲೆ ನಿಂತು, ‘ನೀನು ಹಿಂದಿರುಗಿ ಬರುವೆಯಾ?’ ಎಂದು ಕೇಳುವ ಹಕ್ಕು ನ್ಯಾಯಾಲಯಕ್ಕಿದೆ. ‘ನಿನಗೆ ಆಸ್ತಿಯುಳ್ಳ ನೆಂಟರಿದ್ದಾರೆಯೇ?’ ಎಂಬುದು ಬೇರೆಯೇ ಪ್ರಶ್ನೆ. ಮೊದಲಿನದಕ್ಕೆ ಉತ್ತರವೆಂದು ಎರಡನೆಯದಕ್ಕೆ ಸಿಕ್ಕ ಉತ್ತರವನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿದರೆ, ಜಾಮೀನು ಮಂಜೂರಾದ ಸುದ್ದಿ ಬಡವನ ಮನೆಯಲ್ಲಿಯೂ ಸಂತೋಷದ ಸುದ್ದಿಯಾಗುತ್ತದೆ.